ಯಾರ ಮಣ್ಣಿಗೂ ಬಾರದವನು

ಸಂಘಮಿತ್ರಾ ಭೀಮರಾಜನ ಕೈಯಿಂದ ಚೀಲ ಕಿತ್ತುಕೊಂಡ ರಭಸಕ್ಕೆ ಅದರ ಹಿಡಿಕೆ ಹರಿದು, ಒಳಗಿದ್ದ ವಿಸ್ಕಿ ಪ್ಯಾಕೆಟ್ಟುಗಳು ಅಂಗಳದ ತುಂಬ ಚೆಲ್ಲಿದವು. ಬೇವಿನ ಮರದ ಕೆಳಗೆ ಗುದ್ದಲಿ, ಸಲಿಕೆ ಇಟ್ಟುಕೊಂಡು ಕೂತಿದ್ದ ಗಂಡಸರೆಲ್ಲ ಒಮ್ಮೆಲೇ ಆ ಕಡೆ ತಿರುಗಿದರು. ಅಲ್ಲಿಯವರೆಗೆ ಜಗಲಿಯ ಮೇಲಿದ್ದ ಹೆಣವನ್ನು ಕೂಡ ಅವರು ಅಷ್ಟು ಮನಸ್ಸಿಟ್ಟು ನೋಡಿರಲಿಲ್ಲ.

"ಇವತ್ತು ಈ ಮನ್ಯಾಗ ಇದನ್ನ ಯಾರೂ ಕುಡಿಯಂಗಿಲ್ಲ," ಅಂದಳು ಸಂಘಮಿತ್ರಾ. "ಕುಣಿ ತೋಡಾರೂ ಕುಡಿಯಂಗಿಲ್ಲ, ನಮ್ಮಪ್ಪಗ ಹೆಗಲು ಕೊಡಾರೂ ಕುಡಿಯಂಗಿಲ್ಲ."

ಭೀಮರಾಜ ಅವಳ ಸೋದರತ್ತೆ ಸುಂಕಲಮ್ಮನ ಮಗ. ಕರೂರಿನ ಈ ಮನೆಯೂ ಅವರದೇ. ಅವನು ಕುಕ್ಕರುಗಾಲಲ್ಲಿ ಕೂತು ಪ್ಯಾಕೆಟ್ಟುಗಳನ್ನು ಆರಿಸುತ್ತ ಪಿಸುಗುಟ್ಟಿದ: "ಸಂಘಮ್ಮ, ಮಂದಿ ನೋಡಾಕತ್ತಾರ. ಇದು ಊರ ಪದ್ಧತಿ. ಕೆಲಸದೋರಿಗೆ ಕುಡಿಸದಿದ್ರ ಸತ್ತ ಮನಿಗೆ ಮರ್ಯಾದಿ ಇರಂಗಿಲ್ಲ."

"ನಮ್ಮಪ್ಪ ಎಷ್ಟೋ ವರ್ಷದಿಂದ ಅದನ್ನ ಮುಟ್ಟಿದ್ದಿಲ್ಲ."

"ಮುಟ್ಟದಿದ್ದಾವ ಅವ. ಇವರಲ್ಲ."

ಅಪ್ಪ ಹೊನ್ನೂರಸ್ವಾಮಿ ನಿನ್ನೆ ಮಧ್ಯಾಹ್ನ ಬಳ್ಳಾರಿಯಲ್ಲಿ ಎದೆನೋವು ಬಂದು ಸತ್ತಿದ್ದ. ಕಂಟೋನ್ಮೆಂಟಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದವನು. ಹುಟ್ಟಿದೂರಿನ ಮಣ್ಣು ಸೇರಲಿ ಎಂದು ಮಗಳು ಇವತ್ತು ಬೆಳಿಗ್ಗೆ ಆಂಬುಲೆನ್ಸಿನಲ್ಲಿ ತಂದಿದ್ದಳು. ಊರು ಅವನನ್ನು ಬೇಡ ಅನ್ನಲಿಲ್ಲ. ಹಾಗಂತ ಅವನಿಗಾಗಿ ಒಲೆ ಆರಿಸಿ ಓಡಿಯೂ ಬರಲಿಲ್ಲ.

ಮರದ ಕೆಳಗಿನ ಗುಂಪಿನಿಂದ ಪಂಪಣ್ಣ ಎದ್ದು ನಿಂತ. ಊರಲ್ಲಿ ಯಾರು ಸತ್ತರೂ ಕುಣಿಗೆ ಮೊದಲ ಗುದ್ದಲಿ ಹಾಕುವವನು ಅವನೇ. ಕಣ್ಣು ಹಳದಿ, ಮೈ ಒಣಗಿದ ಜೋಳದ ದಂಟು.

"ಅವ್ವಾ ಸಂಘಮ್ಮ, ಒಂದು ಮಾತು ಕೇಳ್ತೀನಿ ಸಿಟ್ಟಾಗಬ್ಯಾಡ. ನನ್ನ ತಮ್ಮ ಸತ್ತಾಗ ನಿಮ್ಮಪ್ಪ ಮಣ್ಣಿಗೆ ಬಂದಿದ್ನೇನು? ಇಲ್ಲಿ ಕುಂತಾರಲ್ಲ, ಇವರಾಗ ಒಬ್ಬರ ಮನಿ ಮಣ್ಣಿಗರ ಬಂದಿದ್ನೇನು? ಸ್ವಂತ ಅಕ್ಕನ ಗಂಡ ಹೋದಾಗ ಬರ್ಲಿಲ್ಲ. ಯಾರ ಮಣ್ಣಿಗೂ ಬರದಾವನ ಮಣ್ಣಿಗೆ ನಾವು ಬಂದೀವಿ. ಬಂದೀವಿ ಅಂದ್ರ ನಮ್ಮ ಪದ್ಧತಿ ಬಿಟ್ಟು ಬಂದಿಲ್ಲ."

ಸಂಘಮಿತ್ರಾ ಅತ್ತೆಯ ಕಡೆ ನೋಡಿದಳು. ತಮ್ಮನ ತಲೆಯ ಹತ್ತಿರ ಕೂತಿದ್ದ ಸುಂಕಲಮ್ಮ ಸೆರಗಿನಿಂದ ನೊಣ ಓಡಿಸುತ್ತಿದ್ದಳೇ ಹೊರತು ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. 

"ಬೇಕಾದಾಗ ಕರೀರಿ," ಎಂದು ಪಂಪಣ್ಣ ಸಲಿಕೆ ಹೆಗಲಿಗೇರಿಸಿದ. ಉಳಿದವರೂ ಎದ್ದು, ಕಾಲುವೆ ಕಡೆಯ ಕಟ್ಟೆಗೆ ಹೋಗಿ ಕೂತರು. ಅಂಗಳದಲ್ಲಿ ಹೆಂಗಸರು, ಕೋಳಿ, ಮತ್ತು ಹೆಣ ಉಳಿದವು.

*

ತಾಯಿ ಸತ್ತಾಗ ಸಂಘಮಿತ್ರಾಗೆ ಎಂಟು ವರ್ಷ. ಗಂಡನ ಕುಡಿತ ತಾಳಲಾರದೆ ತವರಾದ ಕುರುಗೋಡಿಗೆ ಹೋಗಿದ್ದ ತಾಯಿ ನೀಲಾವತಿ ಅಲ್ಲಿಯೇ ಕಾಮಾಲೆಯಿಂದ ತೀರಿಕೊಂಡಿದ್ದಳು. ಹೊನ್ನೂರಸ್ವಾಮಿ ಕರೂರಿನಿಂದ ಜೀವದ ಗೆಳೆಯ ಪಂಪಣ್ಣನನ್ನು ಕಟ್ಟಿಕೊಂಡು ಬಂದ. ಹೆಣ ಹೊರುವವರಿಗೆ ಕುಡಿಸುವ ಪದ್ಧತಿ ಕುರುಗೋಡಿನಲ್ಲೂ ಇತ್ತು. ಸತ್ತವಳ ಗಂಡನಿಗೆ ಯಾರೂ ಒತ್ತಾಯ ಮಾಡಲಿಲ್ಲ; ಅವನಿಗೆ ಒತ್ತಾಯ ಬೇಕಾಗಿಯೂ ಇರಲಿಲ್ಲ.

ಗುಡ್ಡದ ಬುಡದ ಇಳಿಜಾರಿನಲ್ಲಿ, ಹೆಗಲು ಕೊಟ್ಟಿದ್ದ ಅವನ ಕಾಲು ತಪ್ಪಿತು. ಚಟ್ಟ ಒಂದು ಕಡೆ ವಾಲಿ, ನೀಲಾವತಿ ಅರ್ಧ ಹೊರಗೆ ಜಾರಿದಳು. ಕೈಯ ಹಸಿರು ಬಳೆ ಬಂಡೆಗೆ ತಾಗಿ ಒಡೆದವು. ಹೆಂಗಸರು ಚೀರಿದರು. ಅಜ್ಜಿಯ ಸೊಂಟ ಹಿಡಿದು ನಿಂತಿದ್ದ ಹುಡುಗಿ ಅಪ್ಪನ ಮುಖ ನೋಡಿದಳು. ಅವನು ನಗುತ್ತಿದ್ದ. ಯಾಕೆ ನಕ್ಕನೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಕುಡಿದ ಬಾಯಿ, ತಾನಾಗಿ ತೆರೆದುಕೊಂಡಿತ್ತು. ನೀಲಾವತಿಯ ಅಣ್ಣ ಅವನ ಕಪಾಳಕ್ಕೆ ಹೊಡೆದಾಗಲೂ ನಗು ಪೂರ್ತಿ ನಿಂತಿರಲಿಲ್ಲ.

ಸಂಜೆಗೆ ಅಮಲು ಇಳಿದ ಮೇಲೆ ಅವನು ಮಗಳನ್ನು ಕರೆದ. ಅವಳು ಹೋಗಲಿಲ್ಲ. ಮತ್ತೆ ಕರೆದ. ಅಜ್ಜಿಯ ಹಿಂದೆ ಬಚ್ಚಿಟ್ಟುಕೊಂಡಳು. ಹೊನ್ನೂರಸ್ವಾಮಿ ಚಪ್ಪಲಿ ಮೆಟ್ಟಿ ಹೊರಟುಹೋದ, ಕರೂರಿಗಲ್ಲ, ಬಳ್ಳಾರಿಗೆ.

*

"ಜೆಸಿಬಿ ತರಸ್ಲಾ?" ಎಂದ ಭೀಮರಾಜ. ಬಿಸಿಲು ಏರುತ್ತಿತ್ತು. "ಕಾಲುವಿ ಕೆಲಸಕ್ಕ ಬಂದೈತಿ. ಗಳಿಗ್ಯಾಗ ಕುಣಿ ತಗೀತಾರ. ಅದಕ್ಕ ಕುಡಸಾದೂ ಬ್ಯಾಡ."

ಸಂಘಮಿತ್ರಾ ಆಗಲಿ ಅನ್ನುವುದರಲ್ಲಿದ್ದಳು. ಅಷ್ಟರಲ್ಲಿ ಸುಂಕಲಮ್ಮ ಬೆಳಗಿನಿಂದ ಮೊದಲ ಸಲ ಮಾತಾಡಿದಳು. "ಜೆಸಿಬಿಗೆ ಹೆಗಲು ಐತೇನಲೇ? ಕುಣೀತನಕ ಯಾರು ಹೊರಾರು? ಅದರ ಬಕೀಟಿನ್ಯಾಗ ಕುಂದ್ರಿಸಿಕೊಂಡು ಹೊಕ್ಕಿರೇನು ನನ್ನ ತಮ್ಮನ್ನ?"

ಭೀಮರಾಜ ತಲೆ ಕೆರೆದುಕೊಂಡ.

ಆಂಬುಲೆನ್ಸಿನಲ್ಲಿ ಹೆಣದ ಜೊತೆ ಬಂದಿದ್ದ ಮನೆ ಒಡತಿ ವೀರಭದ್ರಮ್ಮ ಗೋಡೆಗೆ ಒರಗಿ ಕೂತಿದ್ದಳು. ಸತ್ತವನು ಇಷ್ಟು ವರ್ಷ ಬಾಡಿಗೆಗಿದ್ದದ್ದು ಅವಳ ಹಿತ್ತಲ ಕೋಣೆಯಲ್ಲೇ. ಪರವೂರಿನ ಸಾವಿನಲ್ಲಿ ಎಷ್ಟು ಮಾತಾಡಬೇಕೆಂದು ತಿಳಿಯದೆ ಸುಮ್ಮನಿದ್ದವಳಿಗೆ ಈಗ ತಡೆಯಲಾಗಲಿಲ್ಲ.

"ಅಂಥಾ ಮನಿಷಾಗ ಹೊರಾರು ಇಲ್ಲದಂಗ ಆತಲ್ಲ ಶಿವನೇ! ನಮ್ಮ ಓಣ್ಯಾಗ ಗಡಿಯಾರ ಯಾರೂ ನೋಡ್ತಿದ್ದಿಲ್ಲ ನೋಡ್ರಿ. ಅವನ ರೊಟ್ಟಿ ಸದ್ದು ಕೇಳಿದ್ರ ದೀಪ ಹಚ್ಚತಿದ್ವಿ."

"ಏನು ಸದ್ದು?" ಎಂದಳು ಸುಂಕಲಮ್ಮ.

"ರೊಟ್ಟಿ ಬಡಿಯೋ ಸದ್ದುರೀ. ದಿನಾ ಸಂಜಿಮುಂದ. ಹಬ್ಬ ಇರ್ಲಿ, ಜ್ವರ ಇರ್ಲಿ, ತಪ್ಪಿದ್ದಿಲ್ಲ. ಮೊದಮೊದಲು ಓಣಿ ಮಂದಿ, ಒಳಗ ಯಾವಾಕಿನ್ನೋ ಇಟ್ಕಂಡಾನ ಅಂತ ಮಾತಾಡಿಕೊಂಡ್ರು. ಬಗ್ಗಿ ನೋಡಿದ್ರ ಇವನಾ!"

"ನನ್ನ ತಮ್ಮ ರೊಟ್ಟಿ ಬಡಿತಿದ್ನಾ? ಕುಂತಲ್ಲಿಂದ ಎದ್ದು ಒಂದು ಚೆಂಬು ನೀರು ತಗೊಂಡಾವಲ್ಲ ಅವ."

"ನಾನಾ ಕಲಿಸಿದ್ದು. ಬಂದ ಹೊಸದಾಗ ಕೈ ಗಡಗಡ ನಡುಗ್ತಿದ್ವು ಅವಂಗ. ಒಂದಿನ ಸಂಜಿಗೆ ಬಾಗಲಾಗ ನಿಂತಾನ, ಮಾರಿ ಎಲ್ಲಾ ಬೆವರು. 'ಅಮ್ಮಾ, ನನ್ನ ಒಳಗ ಹಾಕಿ ಕೀಲಿ ಹಾಕ್ರಿ' ಅಂದ. ನಾನು ಮೂರು ಮಕ್ಕಳ ಹೆತ್ತಾಕಿ, ಕೀಲಿ ಹಾಕಿದ್ರ ಯಾರು ನಿಲ್ತಾರ ಅಂತ ಗೊತ್ತಿಲ್ಲೇನು? ಹಿಟ್ಟಿನ ಪರಾತ ಮುಂದ ಇಟ್ಟೆ. ನಾದು ಅಂದೆ. ಕೈಗೆ ಹಿಟ್ಟು ಮೆತ್ತಿತ್ತಂದ್ರ ಎಲ್ಲಿಗೂ ಹೋಗಾಕ ಬರಂಗಿಲ್ಲ ನೋಡ್ರಿ. ಅವತ್ತಿನ ರೊಟ್ಟಿ ಎಮ್ಮಿ ತುಳಿದಂಗ ಇತ್ತು. ಆಮ್ಯಾಲೆ ನನ್ನನ್ನಾ ಮೀರಿಸಿದ."

ಸುಂಕಲಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಂತೆ ಸುರುವಾದದ್ದು ಸ್ವಲ್ಪ ಹೊತ್ತಿಗೆ ಅಳುವಾಗಿತ್ತು.

ಸಂಘಮಿತ್ರಾ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಹೀಗೆಂದು ಅಪ್ಪ ತನಗೇಕೆ ಹೇಳಲಿಲ್ಲ?

*

ಕುಡಿತ ಬಿಟ್ಟವನಿಗೆ ಹಗಲು ಅಷ್ಟು ಕಷ್ಟವಲ್ಲ. ಹೊನ್ನೂರಸ್ವಾಮಿ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದವನು, ನಿಧಾನಕ್ಕೆ ಕಟಿಂಗ್ ಮಾಸ್ತರನಾದ. ಕೋಳಿ ಕೂಗುವ ಮೊದಲು ಏಳುವುದು, ಕೋಟೆ ಗುಡ್ಡದವರೆಗೆ ನಡೆದು ಬರುವುದು, ನಲವತ್ತರ ಮೇಲೆ ಅಕ್ಷರ ಕೂಡಿಸಿ ಪೇಪರು ಓದಲು ಕಲಿತದ್ದು, ಅಂಗಿಗೆ ಇಸ್ತ್ರಿ, ಮಾತಿಗೂ ಇಸ್ತ್ರಿ. ನೀಲಾವತಿಯ ತವರಿನವರು ಬೌದ್ಧರು. ಅವರು ಹೇಳಿಕೊಳ್ಳುವ, ಮದ್ಯ ಮುಟ್ಟುವುದಿಲ್ಲ ಎಂಬ ಮಾತೂ ಇರುವ ಪಂಚಶೀಲವನ್ನು, ತನ್ನನ್ನು ಹೊಡೆದ ಆ ಭಾವಮೈದುನನ ಮುಂದೆಯೇ ಕೂತು ಕಲಿತ. ಮಗಳನ್ನು ನರ್ಸಿಂಗ್ ಓದಿಸಿದ. ಒಂದೊಂದು ಒಳ್ಳೆಯ ರೂಢಿಯನ್ನೂ ಗೋಡೆಗೆ ಕಲ್ಲಿಟ್ಟಂತೆ ಇಟ್ಟುಕೊಂಡು ಬಂದ. ಗೋಡೆ ಗಟ್ಟಿಯಾಗಿಯೇ ಎದ್ದಿತು. ಒಳಗೆ ಅವನೊಬ್ಬನೇ ಇದ್ದ.

ಮದುವೆಗೆ ಹೋದರೆ ಕುಡಿಯುವವರು, ದೇವರ ಕಾರ್ಯಕ್ಕೆ ಹೋದರೆ ಕುಡಿಯುವವರು, ಸತ್ತಲ್ಲಿಗೆ ಹೋದರಂತೂ ಕೈಗೇ ತಂದು ಕೊಡುವವರು. ಬೇಡ ಅಂದರೆ ಸತ್ತವನಿಗೆ ಅವಮಾನ. ಹಾಗಾಗಿ ಅವನು ಹೋಗುವುದನ್ನೇ ಬಿಟ್ಟ. "ಬಳ್ಳಾರಿ ನೀರು ಕುಡಿದ ಮ್ಯಾಲೆ ದೊಡ್ಡ ಮನಿಷ ಆಗ್ಯಾನ," ಎಂದು ಊರು ಆಡಿಕೊಂಡಿತು. ಅದು ಕಿವಿಗೆ ಬಿದ್ದಾಗಲೂ ಅವನು ಸಂಜೆ ಹಿಟ್ಟು ನಾದುತ್ತಿದ್ದ.

ಸಂಘಮಿತ್ರಾಗೆ ಸಿರುಗುಪ್ಪದ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕ ಮೇಲೆ ಭಾನುವಾರಗಳಂದು ಬರುತ್ತಿದ್ದ. ಊಟ ಮಾಡಿ, ಫ್ಯಾನಿನ ಕೆಳಗೆ ಸ್ವಲ್ಪ ಅಡ್ಡಾಗಿ, ಬಿಸಿಲು ವಾಲುತ್ತಲೇ ಎದ್ದುಬಿಡುತ್ತಿದ್ದ.

"ಇದ್ದು ಹೋಗಪ್ಪ."

"ಸಂಜಿ ಕೆಲಸ ಐತವ್ವ."

"ಏನು ಕೆಲಸ ನಿಂದು, ಭಾನುವಾರ?"

"ಇರತೈತಿ."

ಅವಳು ಬಾಗಿಲು ಹಾಕಿಕೊಂಡು ಏನೇನೋ ಅಂದುಕೊಳ್ಳುತ್ತಿದ್ದಳು. ತಾನು ಅವತ್ತು ಕುರುಗೋಡಿನಲ್ಲಿ ಕರೆದಾಗ ಹೋಗಲಿಲ್ಲವೆಂದು ಅವನ ಮನಸ್ಸಿನಲ್ಲಿ ಇನ್ನೂ ಇದೆಯೇನೋ ಎಂದು. ಈಗ ಅನಿಸಿತು: ತನ್ನ ಮನೆಯಲ್ಲಿ ಹಿಟ್ಟಿರಲಿಲ್ಲವೆ, ಹಂಚಿರಲಿಲ್ಲವೆ? ಒಂದು ಮಾತು ಅಂದಿದ್ದರೆ ಇಬ್ಬರೂ ಕೂತು ಬಡಿಯುತ್ತಿರಲಿಲ್ಲವೆ? ಅಪ್ಪನ ಸಂಜೆಗಳು ಹೇಗಿದ್ದವೆಂಬುದು ಬಾಡಿಗೆ ಮನೆಯ ಒಡತಿಗೆ ಗೊತ್ತು, ಓಣಿಗೆ ಗೊತ್ತು. ಹೆತ್ತ ಮಗಳಿಗೆ ಗೊತ್ತಿಲ್ಲ.

ಒಂದು ಸಲ ಮಾತ್ರ ಅವನು ಭಾನುವಾರವಲ್ಲದ ದಿನ ಬಂದಿದ್ದ. ಬಿಳಿ ಅಂಗಿ, ಕೈಯಲ್ಲಿ ದೊಡ್ಡ ಸೇವಂತಿಗೆ ಹಾರ. ಕುರ್ಚಿಯಲ್ಲಿ ಕೂತವನು ಕೂತೇ ಇದ್ದ. "ಕರೂರು ಬಸ್ಸು ಹೋತೇನವ್ವ?" ಎಂದು ಕೇಳಿದ. ಇನ್ನೊಂದು ಬರುತ್ತದೆ ಎಂದಳು. ಅದೂ ಹೋಯಿತು. ಹೊತ್ತು ಇಳಿಯುವ ಮುಂಚೆ ಬಳ್ಳಾರಿ ಬಸ್ಸು ಹತ್ತಿದ. ಹಾರವನ್ನು ಅವಳ ಬಾಗಿಲ ಮೊಳೆಗೆ ತೂಗುಹಾಕಿ ಹೋಗಿದ್ದ.

*

"ಮಾವ ಸತ್ತ ದಿನ ಅದು, ಅತ್ತಿ," ಎಂದಳು ಸಂಘಮಿತ್ರಾ, ಹಾರದ ಸಂಗತಿ ಹೇಳಿ ಮುಗಿಸಿ. "ನನಗ ಫೋನಿನ್ಯಾಗ ಸುದ್ದಿ ಬಂದಿದ್ದು ಮರುದಿನ. ಅಪ್ಪ ಸಿರುಗುಪ್ಪದತನಕ ಬಂದು ಹೊಳ್ಳಿ ಹೋಗಿದ್ದ. ಬಸ್ಸು ಹತ್ತಾಕ ಧೈರ್ಯ ಸಾಲ್ಲಿಲ್ಲ ಅವಂಗ."

ಸುಂಕಲಮ್ಮ ತಮ್ಮನ ಮುಖ ನೋಡಿದಳು.

"ಹಾರ ತಂದಿದ್ನಾ?"

"ತಂದಿದ್ದ."

"ನಾನು ಬಾಗಲ ಕಡೀಗೇ ನೋಡ್ಕಂತ ಕುಂತಿದ್ದೆ ಅವತ್ತು," ಎಂದಳು ಸುಂಕಲಮ್ಮ. "ಆಮ್ಯಾಲೆ ಇವನ ಹೆಸರು ಎತ್ತಿಲ್ಲ ನಾನು." ಮೂಗು ಒರೆಸಿಕೊಂಡು ತಮ್ಮನ ಮಗಳ ಭುಜ ತಟ್ಟಿದಳು. "ಹೋಗವ್ವ. ಪಂಪಣ್ಣನ ಹತ್ರ ನೀನಾ ಹೋಗು. ಹುಕುಂ ಮಾಡಬ್ಯಾಡ. ಕೇಳು."

ಕಟ್ಟೆಯ ಮೇಲೆ ಪಂಪಣ್ಣ ಒಬ್ಬನೇ ಒಂದು ಮೂಲೆಗೆ ಕೂತಿದ್ದ. ಬೆಳಿಗ್ಗೆ ಎದ್ದ ಕೂಡಲೇ ಹಾಕುವವನು, ಸತ್ತ ಮನೆಯಲ್ಲಿ ಹೇಗೂ ಕೊಡುತ್ತಾರೆಂದು ಇವತ್ತು ಹಾಕಿರಲಿಲ್ಲ. ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದ. ಸಂಘಮಿತ್ರಾ ಎದುರಿಗೆ ನಿಂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು ಮರೆತುಹೋಗಿತ್ತು.

"ಕಾಕಾ, ಕುರುಗೋಡಿನ್ಯಾಗ ನೀವೂ ಇದ್ರಿ. ನಮ್ಮವ್ವ ಬಿದ್ದಿದ್ದು ನೀವೂ ನೋಡೀರಿ."

ಪಂಪಣ್ಣ ಬೇರೆ ಕಡೆ ನೋಡಿದ.

"ಅಪ್ಪನೂ ಹಂಗ ಬೀಳಬಾರದು. ನಂದು ಅಷ್ಟಾ."

"ನಾನು ಬೀಳಸ್ತೀನೇನವ್ವ ಅವನ್ನ?" ಎಂದ ಅವನು. "ಒಂದಾ ಗಂಗಾಳದಾಗ ಉಂಡಾರು ನಾವು. ಕುಡಿಯೋದು ಬಿಡ್ತೀನಿ ಅಂದ, ಬಿಡಪ್ಪ ಅಂದೆ. ಅದನ್ನ ಬಿಟ್ಟ, ಬರೋಬರಿ. ನನ್ನ ಯಾಕ ಬಿಟ್ಟ? ಬಳ್ಳಾರ್ಯಾಗ ಒಮ್ಮೆ ಎದುರಿಗೆ ಬಂದಾವ ನನ್ನ ನೋಡಿ ರಸ್ತೆ ದಾಟಿ ಹೋದ. ಹೊನ್ನೂರಾ ಅಂತ ಕೂಗಿದೆ. ಹೊಳ್ಳಿ ನೋಡ್ಲಿಲ್ಲ."

"ಹೆದರಿಕಿ ಇತ್ತು ಅವಂಗ."

"ನಾನೇನು ಹುಲೀನಾ?"

"ಕುಡಿಯೋದಕ್ಕಿಂತ ನಿಮ್ಮ ಹೆದರಿಕಿ ಹೆಚ್ಚು ಇತ್ತು ಕಾಕಾ. ನೀವು ಬಾ ಅಂದಿದ್ರ, ಒಲ್ಲೆ ಅನ್ನಾಕ ಅವಂಗ ಬರ್ತಿದ್ದಿಲ್ಲ."

ಪಂಪಣ್ಣ ಸಲಿಕೆ ಎತ್ತಿಕೊಂಡು ಉಳಿದವರ ಕಡೆ ತಿರುಗಿದ. "ಏಳ್ರಲೇ. ಇವತ್ತು ಬರೀ ನೀರು. ಒಲ್ಲದಾವ ಮನಿಗೆ ಹೋಗ್ರಿ."

ಬಹಳ ಜನ ಮನೆಗೇ ಹೋದರು. "ಹುಟ್ಟಿದಾಗಿನಿಂದ ಇಂಥಾ ಮಣ್ಣು ನೋಡಿಲ್ಲ," ಎಂದು ಒಬ್ಬ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಉಳಿದವನು ಗವಿಸಿದ್ದಪ್ಪ ಒಬ್ಬ. ವಯಸ್ಸಾದವನು, ಕಿವಿ ಮಂದ. ಏನು ಜಗಳವೆಂದು ಅವನಿಗೆ ಪೂರ್ತಿ ತಿಳಿದಿತ್ತೋ ಇಲ್ಲವೋ. ಪಂಪಣ್ಣ, ಗವಿಸಿದ್ದಪ್ಪ, ಭೀಮರಾಜ ಮೂವರೇ ಕುಣಿ ತೋಡಿದರು. ಗದ್ದೆ ಸೀಮೆಯ ಕಪ್ಪು ಮಣ್ಣು, ಸಲಿಕೆಗೆ ಅಂಟುತ್ತಿತ್ತು. ಮುಗಿಯುವಾಗ ಹೊತ್ತು ಇಳಿದಿತ್ತು.

ಚಟ್ಟ ಕಟ್ಟುವಾಗ ಸಂಘಮಿತ್ರಾ ಪಂಪಣ್ಣನನ್ನು ನೋಡಿದಳು. ಹಗ್ಗದ ಗಂಟು ಅವನ ಕೈಗೆ ಸಿಗುತ್ತಿರಲಿಲ್ಲ. ಮೈಯೆಲ್ಲ ಬೆವರು, ತುಟಿ ಅದುರುತ್ತಿತ್ತು. ನರ್ಸಿಂಗ್ ಹೋಮಿನ ಮಂಚಗಳ ಮೇಲೆ ಇಂಥವರನ್ನು ಅವಳು ಬಹಳ ನೋಡಿದ್ದಳು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಕೆಲವರಿಗೆ ಫಿಟ್ಸೂ ಬರುತ್ತದೆ. ತಾನೇನು ಕೇಳಿದ್ದೆನೆಂಬುದು ಅವಳಿಗೆ ಈಗ ತಿಳಿಯಿತು. ಒಳಗೆ ಹೋಗಿ, ಭೀಮರಾಜ ಬಚ್ಚಿಟ್ಟಿದ್ದ ಚೀಲದಿಂದ ಒಂದು ಪ್ಯಾಕೆಟ್ಟು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಬೆಳಿಗ್ಗೆ ಅದನ್ನು ಕಿತ್ತುಕೊಂಡಿದ್ದ ಕೈಯೇ.

"ಕಾಕಾ, ಹಿತ್ತಲಿಗೆ ಹೋಗಿ ಒಂದು ಗುಟುಕು ತಗೋರಿ. ಯಾರಿಗೂ ಹೇಳಂಗಿಲ್ಲ. ನಾನಾ ಕೊಡಾಕತ್ತೀನಿ."

ಪಂಪಣ್ಣ ಅದನ್ನು ನೋಡಿದ. ನಾಲಿಗೆಯಿಂದ ತುಟಿ ಸವರಿಕೊಂಡ.

"ಮಣ್ಣು ಆಗ್ಲಿ."

"ಆಗಂಗಿಲ್ಲ ನಿಮ್ಮ ಕೈಲಿಂದ. ನೋಡ್ರಿ ಹೆಂಗ ನಡುಗಾಕತ್ತಾವು."

"ನಡುಗ್ಲಿ. ಅವನ ಕೈ ನಡುಗಿದ್ದಿಲ್ಲೇನು?" ಅವನು ಪ್ಯಾಕೆಟ್ಟನ್ನು ಅವಳ ಕಡೆಗೇ ಸರಿಸಿದ. "ಮಣ್ಣು ಆದಮ್ಯಾಲೆ ಕುಡೀತೀನವ್ವ. ಬಿಡ್ತೀನಿ ಗಿಡ್ತೀನಿ ಅಂತ ಮಾತು ಕೊಡಂಗಿಲ್ಲ. ನಾನು ಹೊನ್ನೂರ ಅಲ್ಲ."

ಹೊರಲು ನಾಲ್ಕು ಜನ ಬೇಕು, ಇದ್ದವರು ಮೂವರು. ಸಂಘಮಿತ್ರಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಣ್ಣುಮಕ್ಕಳು ಹೆಗಲು ಕೊಡುವುದುಂಟೇ ಎಂದು ಯಾರೋ ಅಂದರು. "ಇದ್ದ ಗಂಡಸರು ಮನಿಗೆ ಹೋಗ್ಯಾರ," ಎಂದಳು ಸುಂಕಲಮ್ಮ.

ಮುಂದೆ ಪಂಪಣ್ಣ ಮತ್ತು ಭೀಮರಾಜ, ಹಿಂದೆ ಗವಿಸಿದ್ದಪ್ಪ ಮತ್ತು ಅವಳು. ಪಂಪಣ್ಣ ಹೊತ್ತ ಬಿದಿರಿನ ಇನ್ನೊಂದು ತುದಿ ಅವಳ ಹೆಗಲ ಮೇಲಿತ್ತು. ಕಾಲುವೆಯ ಏರಿಯ ಮೇಲೆ ದಾರಿ ಕಿರಿದು, ನೀರು ಬಿಟ್ಟದ್ದರಿಂದ ಹಸಿ. ಹೆಜ್ಜೆ ಹೆಜ್ಜೆಗೂ ಅವನ ನಡುಕ ಬಿದಿರಿನಲ್ಲಿ ಹರಿದು ಬಂದು ಅವಳ ಎಲುಬಿಗೆ ತಾಗುತ್ತಿತ್ತು. ಚಟ್ಟದ ಮೇಲಿನ ಹೂವು ಗಾಳಿಯಿಲ್ಲದೆ ಅಲುಗಿ, ಒಂದೊಂದೇ ಎಸಳು ಕೆಸರಿಗೆ ಬೀಳುತ್ತಿತ್ತು. ಒಂದು ಕಡೆ ಅವನ ಕಾಲು ಜಾರಿತು. ಚಟ್ಟ ವಾಲಿತು. ಪಂಪಣ್ಣ ಒಂದು ಮೊಣಕಾಲು ಕೆಸರಿಗೆ ಊರಿ, ಹೆಗಲನ್ನು ಮಾತ್ರ ಬಗ್ಗಿಸದೆ, ಹಲ್ಲು ಕಚ್ಚಿ ಹಾಗೇ ಮೇಲೆದ್ದ. "ಹೊನ್ನೂರಾ, ಗಟ್ಟಿ ಹಿಡಕಲೇ," ಎಂದ, ಸತ್ತವನಿಗೆ.

ಕುಣಿಯ ಪಕ್ಕ ಚಟ್ಟ ಇಳಿಸಿದರು. ಒಂದು ಕಡೆಯೂ ತಾಗದ ಹಾಗೆ, ಮಲಗಿದ ಕೂಸನ್ನು ಇಳಿಸಿದ ಹಾಗೆ ಇಳಿಸಿದರು. ಭೀಮರಾಜ ಕೈ ಬಿಟ್ಟ. ಗವಿಸಿದ್ದಪ್ಪ ಕೈ ಬಿಟ್ಟು ಸೊಂಟ ಹಿಡಿದುಕೊಂಡ. ಪಂಪಣ್ಣ ಮಾತ್ರ ಬಿದಿರು ಹಿಡಿದು ಬಗ್ಗಿಯೇ ಇದ್ದ.

"ಬಿಡ್ರಿ ಕಾಕಾ. ಬಂತು."

"ಬಿಡಾಕ ಬರವಲ್ದವ್ವ," ಎಂದ ಅವನು.

ಬೆರಳುಗಳು ಸೆಟೆದು ಬಿದಿರಿಗೆ ಕಚ್ಚಿಕೊಂಡಿದ್ದವು. ಸಂಘಮಿತ್ರಾ ಅವನ ಪಕ್ಕ ಮಣ್ಣಿನಲ್ಲಿ ಮೊಣಕಾಲೂರಿ ಕೂತಳು. ಕಿರುಬೆರಳಿನಿಂದ ಸುರುಮಾಡಿ, ನೋವಾಗದಂತೆ, ಒಂದೊಂದನ್ನೇ ಬಿಡಿಸತೊಡಗಿದಳು.